ಡೀಲರ್ ಮೀಟ್‌ನಲ್ಲಿ ಹಸಿರು ಎಲೆ, ಕೋರ್ಟ್‌ನಲ್ಲಿ 22 ರೂಪಾಯಿ ಜಗಳ. ಯಾವುದನ್ನು ನಂಬೋದು?

ಬಳ್ಳಾರಿ_ಬಿಸಿಲು:

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ನನ್ನದೊಂದು ಎಲೆಕ್ಟ್ರಾನಿಕ್ಸ್ ಅಂಗಡಿ. ಟಿವಿ, ಫ್ರಿಜ್, ಎಸಿ, ವಾಷಿಂಗ್ ಮಷಿನ್. ದೊಡ್ಡದೇನಲ್ಲ, ಮೂರು ಜನ ಹುಡುಗರು, ಒಂದು ಗೋಡೌನ್ ಅಷ್ಟೆ.

ಹೋದ ತಿಂಗಳು ಒಂದು ದೊಡ್ಡ ಕಂಪನಿ ಹೊಸಪೇಟೆಯಲ್ಲಿ ಡೀಲರ್ ಮೀಟ್ ಇಟ್ಟಿತ್ತು. ಹೆಸರು ಬೇಡ, ನಾಳೆ ನನಗೆ ಸ್ಟಾಕ್ ಬೇಕಲ್ಲ. ಹೊಸ ಮಾಡೆಲ್ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಆಮೇಲೆ ಅರ್ಧ ಗಂಟೆ ಬರೀ ಹಸಿರು ಎಲೆ, ಗಾಳಿ ಫ್ಯಾನ್, ಇಂಥ ಇಸವಿಗೆ ನೆಟ್ ಝೀರೋ (ಗಾಳಿಗೆ ಬಿಡೋ ಕಾರ್ಬನ್ ಲೆಕ್ಕ ಸೊನ್ನೆಗೆ ತರೋದು), ನಮ್ಮ ಭೂಮಿ, ನಮ್ಮ ಮಕ್ಕಳು. ಊಟ ಚೆನ್ನಾಗಿತ್ತು, ಅದು ಬೇರೆ ಮಾತು.

ಮೊನ್ನೆ ನಮ್ಮ ಹೈಸ್ಕೂಲ್ ಮೇಷ್ಟ್ರು ಎಸಿ ನೋಡಲು ಬಂದರು. ರಿಟೈರ್ ಆಗಿ ಹತ್ತು ವರ್ಷವಾಗಿದೆ, ಪೇಪರ್ ಮಾತ್ರ ಮೊದಲ ಪುಟದಿಂದ ಕೊನೆ ಪುಟದವರೆಗೆ ಓದುತ್ತಾರೆ. ನಾನು ಬಾಯಿ ಮುಚ್ಚಿಕೊಂಡಿರದೆ ಮೀಟಿಂಗ್‌ನಲ್ಲಿ ಕೇಳಿದ್ದನ್ನೆಲ್ಲ ಅವರ ಮುಂದೆ ಒಪ್ಪಿಸಿದೆ. ಅವರು ಕನ್ನಡಕ ತೆಗೆದು ಕೇಳಿದರು, "ಹಳೆ ಸಾಮಾನು ರೀಸೈಕಲ್ ಮಾಡೋ ದರ ಜಾಸ್ತಿ ಆಯ್ತು ಅಂತ ಸರ್ಕಾರದ ಮೇಲೆ ಕೇಸ್ ಹಾಕಿದ್ದು ಇಂಥ ಕಂಪನಿಗಳೇ ಅಲ್ಲೇನಪ್ಪಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮೇಷ್ಟ್ರು ಕೊನೆಗೆ ಎಸಿ ಬಿಟ್ಟು ಒಂದು ಕೂಲರ್ ತಗೊಂಡು ಹೋದರು.

ರಾತ್ರಿ ಕೂತು ಹುಡುಕಿದೆ. ಅವರು ಹೇಳಿದ್ದು ನಿಜ. 2024ರಲ್ಲಿ ಸರ್ಕಾರ ಇ-ವೇಸ್ಟ್‌ಗೆ, ಅಂದರೆ ಹಳೆ ಎಲೆಕ್ಟ್ರಾನಿಕ್ಸ್ ಕಸಕ್ಕೆ, ಕಂಪನಿಗಳು ರೀಸೈಕಲ್ ಮಾಡೋರಿಗೆ ಕೊಡಬೇಕಾದ ಕನಿಷ್ಠ ದರ ಗೊತ್ತು ಮಾಡಿತು. ಮನೆ ಎಲೆಕ್ಟ್ರಾನಿಕ್ಸ್‌ಗೆ ಕೆಜಿಗೆ 22 ರೂಪಾಯಿ, ಸ್ಮಾರ್ಟ್‌ಫೋನ್‌ಗೆ 34 ರೂಪಾಯಿ. ಇದರ ವಿರುದ್ಧ ಡೈಕಿನ್, ಹ್ಯಾವೆಲ್ಸ್, ವೋಲ್ಟಾಸ್ ದೆಹಲಿ ಹೈಕೋರ್ಟ್‌ಗೆ ಹೋದವು. 2025ರಲ್ಲಿ ಸ್ಯಾಮ್ಸಂಗ್, ಎಲ್‌ಜಿ ಕೂಡ ಹೋದವು. ನಮ್ಮ ಮೀಟಿಂಗ್ ಕಂಪನಿ ಈ ಐದರಲ್ಲಿ ಇದೆಯೋ ಇಲ್ಲವೋ ಕೇಳಬೇಡಿ.

ನನ್ನ ಪ್ರಶ್ನೆ ಇಷ್ಟೇ. ಇಷ್ಟು ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿಗಳು ಹವಾಮಾನದ ನೀತಿ ವಿಷಯದಲ್ಲಿ ಸರ್ಕಾರದ ಹತ್ತಿರ ನಿಜವಾಗಿ ಏನು ಮಾತಾಡುತ್ತವೆ? ನಮ್ಮಂಥವರಿಗೆ ಅದು ತಿಳಿಯೋ ದಾರಿ ಇದೆಯಾ? ಲಾಬಿ ಅಂದರೆ ನನಗೆ ಗೊತ್ತಿರೋದು ಹೋಟೆಲ್‌ನಲ್ಲಿ ಸೋಫಾ ಹಾಕಿರೋ ಜಾಗ ಒಂದೇ.

ಶಕ್ತಿನಗರದ_ಹುಡುಗ:

ಅಣ್ಣಾ, ನಾನು ರಾಯಚೂರಿನವನು, ಈಗ ಬೆಂಗಳೂರಲ್ಲಿ ಕಂಪನಿಗಳ ಇಂಥ ವರದಿಗಳನ್ನೇ ತಯಾರು ಮಾಡೋ ಕೆಲಸದಲ್ಲಿದ್ದೇನೆ. ಆ ಹಸಿರು ಎಲೆಯ ಸ್ಲೈಡ್ ಕೂಡ ನಮ್ಮಂಥವರೇ ಮಾಡಿರೋದು, ಕ್ಷಮಿಸಿ.

ಲಾಬಿ ಅಂದರೆ ಸರ್ಕಾರದ ನೀತಿಯನ್ನು ತಮಗೆ ಬೇಕಾದ ಕಡೆ ತಿರುಗಿಸೋಕೆ ಮಾಡೋ ಪ್ರಯತ್ನ. ಇಲ್ಲಿ ಮೂರು ಬಾಯಿಗಳಿವೆ. ಕಂಪನಿ ನಿಮಗೆ ಹೇಳೋದು ಒಂದು. ಸರ್ಕಾರಕ್ಕೆ ತಾನೇ ಹೇಳೋದು ಇನ್ನೊಂದು. ಮೂರನೆಯದು ಅದು ಚಂದಾ ಕೊಟ್ಟು ಸದಸ್ಯನಾಗಿರೋ ಉದ್ಯಮ ಸಂಘ ಅದರ ಪರವಾಗಿ ಹೇಳೋದು. ನಿಜವಾದ ಆಟ ಜಾಸ್ತಿ ನಡೆಯೋದು ಮೂರನೆಯ ಕಡೆ, ಏಕೆಂದರೆ ಅಲ್ಲಿ ಯಾರ ಹೆಸರೂ ಕೆಡೋದಿಲ್ಲ.

ಆಪಲ್ ಕಥೆ ನೋಡಿ. 2009ರ ಅಕ್ಟೋಬರ್‌ನಲ್ಲಿ ಅದು ಅಮೆರಿಕದ ಚೇಂಬರ್ ಆಫ್ ಕಾಮರ್ಸ್ ಅನ್ನೋ ಉದ್ಯಮ ಸಂಘ ಬಿಟ್ಟು ಹೊರಗೆ ಬಂತು. ಹಸಿರುಮನೆ ಅನಿಲಕ್ಕೆ ಸರ್ಕಾರ ಕಡಿವಾಣ ಹಾಕೋದನ್ನು ಚೇಂಬರ್ ವಿರೋಧಿಸುತ್ತಿತ್ತು, ಅದು ನಮಗೆ ಒಪ್ಪಿಗೆ ಇಲ್ಲ ಅಂತ ಹೇಳಿ ಬಿಟ್ಟಿತು. 2016ರಲ್ಲಿ ಒಬಾಮಾ ಸರ್ಕಾರದ ವಿದ್ಯುತ್ ಸ್ಥಾವರಗಳ ನಿಯಮದ ಪರವಾಗಿ ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಜೊತೆ ಸೇರಿ ಕೋರ್ಟ್‌ಗೆ ಅಭಿಪ್ರಾಯ ಸಲ್ಲಿಸಿತು. ಭೇಷ್ ಅನ್ನಬೇಕು. ಆದರೆ 2021ರಲ್ಲಿ ಬೈಡನ್ ಸರ್ಕಾರದ ದೊಡ್ಡ ಮಸೂದೆ ಬಂತು, ಅದರೊಳಗೆ ಹವಾಮಾನಕ್ಕೂ ಬಹಳ ದುಡ್ಡಿತ್ತು, ಕಂಪನಿಗಳ ಮೇಲೆ ತೆರಿಗೆ ಏರಿಸೋ ಮಾತೂ ಇತ್ತು. ಬಿಸಿನೆಸ್ ರೌಂಡ್‌ಟೇಬಲ್ ಅನ್ನೋ ದೊಡ್ಡ ಕಂಪನಿಗಳ ಕೂಟ ತೆರಿಗೆ ಕಾರಣಕ್ಕೆ ಅದನ್ನು ಜೋರಾಗಿ ವಿರೋಧಿಸಿತು. ಆಗ ಆಪಲ್ ಮುಖ್ಯಸ್ಥರಾಗಿದ್ದ ಟಿಮ್ ಕುಕ್ ಆ ಕೂಟದ ಸದಸ್ಯರಾಗಿದ್ದರು. ಒಂದು ಮನೆ ಬಿಟ್ಟು ಬಂದವರು ಇನ್ನೊಂದು ಮನೆಯ ಪಡಸಾಲೆಯಲ್ಲಿ ಕೂತಿದ್ದರು.

ಸೋನಿಯದು ಬೇರೆ ಥರ. 2020ರ ನವೆಂಬರ್‌ನಲ್ಲಿ ಸುದ್ದಿ ಬಂತು. ಜಪಾನ್‌ನಲ್ಲಿ ಸೋಲಾರ್, ಗಾಳಿ ಕರೆಂಟ್ ಸುಲಭವಾಗಿ ಸಿಗದಿದ್ದರೆ ನಾವು ಕಾರ್ಖಾನೆಯನ್ನೇ ಹೊರದೇಶಕ್ಕೆ ಒಯ್ಯಬೇಕಾದೀತು ಅಂತ ಸೋನಿ ತನ್ನ ಸರ್ಕಾರಕ್ಕೆ ಎಚ್ಚರಿಕೆ ಕೊಟ್ಟಿತ್ತು. ಇದೂ ಲಾಬಿಯೇ ಅಣ್ಣಾ. ಲಾಬಿ ಅಂದರೆ ಯಾವಾಗಲೂ ಕಳ್ಳದಾರಿ ಅಂತ ಅಲ್ಲ. ಸೋನಿಗೆ ಧರ್ಮಬುದ್ಧಿ ಬಂತು ಅಂತಲೂ ತಿಳಿಯಬೇಡಿ. ಐಫೋನ್ ಕ್ಯಾಮೆರಾದ ಸೆನ್ಸರ್ ಮಾಡೋದು ಅವರು, ನಿಮ್ಮ ಕರೆಂಟ್ ಶುದ್ಧ ಆಗಲಿ ಅಂತ ಆಪಲ್ ಹಿಂದೆ ಬಿದ್ದಿತ್ತು.

ಸ್ಯಾಮ್ಸಂಗ್ ಎಲೆಕ್ಟ್ರಾನಿಕ್ಸ್ ಆರ್‌ಇ100ಕ್ಕೆ ಸೇರಿದ್ದು 2022ರ ಸೆಪ್ಟೆಂಬರ್‌ನಲ್ಲಿ. ಆರ್‌ಇ100 ಅಂದರೆ ಪೂರ್ತಿ ನವೀಕರಿಸಬಹುದಾದ ವಿದ್ಯುತ್ತನ್ನೇ ಬಳಸುತ್ತೇವೆ ಅಂತ ಮಾತು ಕೊಡೋ ಕಂಪನಿಗಳ ಗುಂಪು, 2014ರಲ್ಲಿ ಶುರುವಾದದ್ದು. ಇನ್ನು ಕಾರ್ಬನ್ ಲೆಕ್ಕ ಸೊನ್ನೆಗೆ ತರೋಕೆ ಆಪಲ್ ತನ್ನ ಇಡೀ ಸರಬರಾಜು ಸರಪಳಿಗೆ 2030 ಅಂತ ಗಡುವು ಹಾಕಿಕೊಂಡಿತು. ಸ್ಯಾಮ್ಸಂಗ್ ಫೋನ್, ಟಿವಿ, ಫ್ರಿಜ್ ವಿಭಾಗಕ್ಕೆ 2030 ಅಂದಿತು, ಚಿಪ್ ಸೇರಿ ಇಡೀ ಕಂಪನಿಗೆ 2050. ಕರೆಂಟ್ ನುಂಗೋದು ಚಿಪ್ ಕಾರ್ಖಾನೆ. ಕೊರಿಯಾದಲ್ಲೇ ಅತಿ ಜಾಸ್ತಿ ಕರೆಂಟ್ ಬಳಸೋ ಕಂಪನಿ ಅದು, ಆ ದೇಶದಲ್ಲಿ ನವೀಕರಿಸಬಹುದಾದ ವಿದ್ಯುತ್ ಎಲ್ಲ ಸೇರಿದರೂ ಸುಮಾರು ಹತ್ತನೇ ಒಂದು ಪಾಲು. ಇಂಥ ಕಡೆ ಕಂಪನಿ ಛಾವಣಿ ಮೇಲೆ ಎಷ್ಟು ಪ್ಯಾನಲ್ ಹಾಕಿದರೂ ಸಾಲದು, ಸರ್ಕಾರದ ನೀತಿಯೇ ಬದಲಾಗಬೇಕು. ಹಾಗಾಗಿ ಅದಕ್ಕೆ ಕೇಳಬೇಕಾದ ಪ್ರಶ್ನೆ "ನಿಮ್ಮ ಗುರಿ ಏನು" ಅಂತ ಅಲ್ಲ. "ನಿಮ್ಮ ಸರ್ಕಾರದ ಬಾಗಿಲು ಎಷ್ಟು ಜೋರಾಗಿ ತಟ್ಟಿದಿರಿ" ಅಂತ.

ಬಾಗಿಲು ತಟ್ಟಿದ್ದನ್ನು ಅಳೆಯೋ ಒಂದು ಸಂಸ್ಥೆ ಲಂಡನ್‌ನಲ್ಲಿದೆ, ಇನ್‌ಫ್ಲುಯೆನ್ಸ್‌ಮ್ಯಾಪ್ ಅಂತ. ಕಂಪನಿಗಳು ಸರ್ಕಾರಕ್ಕೆ ಬರೆದ ಪತ್ರ, ಕೊಟ್ಟ ಹೇಳಿಕೆ ಎಲ್ಲ ಕಲೆಹಾಕಿ ಎ ಪ್ಲಸ್‌ನಿಂದ ಎಫ್‌ವರೆಗೆ ಗ್ರೇಡ್ ಕೊಡುತ್ತಾರೆ. ಕಂಪನಿಯ ಸ್ವಂತ ಮಾತಿಗೆ ಬೇರೆ ಅಂಕ, ಅದರ ಸಂಘಗಳ ಮಾತಿಗೆ ಬೇರೆ ಅಂಕ. ಹುಡುಕಿ ನೋಡಿ, ಮೇಷ್ಟ್ರಿಗೆ ಖುಷಿಯಾಗುತ್ತದೆ.

ಔಟ್‌ಡೋರ್_ಯೂನಿಟ್:

ನಾನು ರಾಯಚೂರಲ್ಲಿ ಎಸಿ, ಫ್ರಿಜ್ ಮೆಕ್ಯಾನಿಕ್. ಹದಿನೆಂಟು ವರ್ಷವಾಯಿತು. ತಮ್ಮಾ ನೀನು ಅಮೆರಿಕ, ಜಪಾನ್ ಎಲ್ಲ ಸುತ್ತಿಸಿದೆ, ನಾನು ನಮ್ಮೂರ ತೀನ್ ಕಂದೀಲ್ ಬಿಟ್ಟು ಹೋಗೋದಿಲ್ಲ.

22 ರೂಪಾಯಿ ಜಗಳ ಬರೀ ಕಸದ ಜಗಳ ಅಂತ ಕೆಲವರು ತಿಳಿದಿದ್ದಾರೆ. ಅಲ್ಲ. ಹಳೆ ಫ್ರಿಜ್, ಎಸಿ ಗುಜರಿಗೆ ಹೋದಾಗ ಏನಾಗುತ್ತೆ ನಿಮಗೆ ಗೊತ್ತಾ? ಅವನಿಗೆ ಬೇಕಾಗಿರೋದು ತಾಮ್ರ ಮತ್ತು ಕಂಪ್ರೆಸರ್. ಪೈಪ್ ಕಟ್ ಮಾಡಿದ ಕೂಡಲೇ ಸುಯ್ ಅಂತ ಒಳಗಿನ ತಂಪು ಮಾಡೋ ಗ್ಯಾಸ್ ಗಾಳಿಗೆ. ಹಳೆ ಎಸಿಯ ಆರ್-22 ಅನ್ನೋ ಗ್ಯಾಸ್ ಒಂದು ಕೆಜಿ ಗಾಳಿಗೆ ಬಿಟ್ಟರೆ ಸುಮಾರು 1,800 ಕೆಜಿ ಕಾರ್ಬನ್ ಡೈಆಕ್ಸೈಡ್ ಬಿಟ್ಟಂಗೆ. ಆರ್-410 ಇನ್ನೂ ಜಾಸ್ತಿ, 2,000 ದಾಟುತ್ತೆ. ಈಗ ಬರೋ ಆರ್-32 ಒಳ್ಳೆಯದು ಅಂತಾರೆ, ಅದೂ 675. ಒಂದೂವರೆ ಟನ್ ಎಸಿಯಲ್ಲಿ ಮುಕ್ಕಾಲು ಕೆಜಿ ಹಿಡಿಯಿರಿ, 500 ಕೆಜಿ ಆಯಿತು.

ಇದನ್ನು ಕರೆಂಟ್ ಲೆಕ್ಕಕ್ಕೆ ತರೋಣ. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್ ಬೀಳುತ್ತೆ. ಈ ಭಾಗದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ, ಶಕ್ತಿನಗರ, ಯರಮರಸ್, ಕುಡಿತಿನಿ ಮೂರೂ ಕಡೆಯ ವಿದ್ಯುತ್ ಸ್ಥಾವರ ಕಲ್ಲಿದ್ದಲಲ್ಲೇ ನಡೆಯೋದು. ಬೇಸಿಗೆ ನೂರು ದಿನ, ದಿನಕ್ಕೆ ಎಂಟು ತಾಸು, ತಾಸಿಗೆ ಒಂದು ಯೂನಿಟ್, 800 ಯೂನಿಟ್. 560 ಕೆಜಿ. ಅಂದರೆ ಗುಜರಿಯವನು ಒಂದು ಸಲ ಪೈಪ್ ಕಟ್ ಮಾಡಿದರೆ ಒಂದು ಇಡೀ ಬೇಸಿಗೆ ಎಸಿ ಓಡಿಸಿದಷ್ಟೇ ಆಗುತ್ತೆ. ಗುಜರಿಯವನನ್ನು ಬೈಯೋದು ಸುಲಭ. ನಾವು ಮೆಕ್ಯಾನಿಕ್‌ಗಳೂ ಅದನ್ನೇ ಮಾಡುತ್ತೇವೆ, ಸುಳ್ಳು ಯಾಕೆ ಹೇಳಲಿ. ಗ್ಯಾಸ್ ವಾಪಸ್ ಎಳೆಯೋ ಮಷಿನ್ ಇದೆ, ನಮ್ಮ ಓಣಿಯಲ್ಲಿ ಯಾರ ಹತ್ತಿರವೂ ಇಲ್ಲ. ಗಿರಾಕಿ ಅದಕ್ಕೆ ಐವತ್ತು ರೂಪಾಯಿ ಜಾಸ್ತಿ ಕೊಡಲ್ಲ.

ಅದಕ್ಕೇ ಯಾರಾದರೂ ದುಡ್ಡು ಕೊಟ್ಟು ಸರಿಯಾಗಿ ಬಿಚ್ಚಿಸಬೇಕು. ಆ ದುಡ್ಡು ಯಾರದ್ದು ಅನ್ನೋದೇ ಕೋರ್ಟ್ ಜಗಳ. ದರ ತೀರಾ ಕಡಿಮೆ ಇದ್ದರೆ ಲೈಸೆನ್ಸ್ ಇರೋ ರೀಸೈಕಲ್‌ನವನು ಮಾಲು ಎತ್ತಲ್ಲ, ಗುಜರಿಯವನು ಎತ್ತುತ್ತಾನೆ ಅಂತ ಸರ್ಕಾರದ ವಾದ. ದರ ನಿಗದಿ ಮಾಡಿದ್ದರಿಂದ ಪರಿಸರ ಉದ್ಧಾರ ಆಗಲ್ಲ, ನಮಗೆ ಮಾತ್ರ ಹೊರೆ ಅಂತ ಕಂಪನಿಗಳ ವಾದ. ಕಂಪನಿಯವರ ಮಾತಲ್ಲೂ ಸ್ವಲ್ಪ ಹುರುಳಿದೆ. ಗುಜರಿ ವ್ಯಾಪಾರ ತಡೆಯೋರು ಯಾರು, ಬರೀ ದರ ಏರಿಸಿದರೆ ರೀಸೈಕಲ್ ಮಾಡಿದೆವು ಅನ್ನೋ ಸುಳ್ಳು ಸರ್ಟಿಫಿಕೇಟ್ ಹುಟ್ಟಲ್ವಾ? ಆದರೂ ಸ್ಲೈಡ್‌ನಲ್ಲಿ ಭೂಮಿ ತಾಯಿ ಅಂದು ಇಲ್ಲಿ ಚೌಕಾಸಿಗೆ ನಿಂತರೆ ಜನ ನಗುತ್ತಾರೆ.

ಬಳ್ಳಾರಿ_ಬಿಸಿಲು:

ಅಣ್ಣಾ ನಿಮ್ಮ ಲೆಕ್ಕ ನೋಡಿ ತಲೆ ತಿರುಗಿತು. ನನ್ನ ಗೋಡೌನ್ ಹಿಂದೆ ಎಕ್ಸ್‌ಚೇಂಜ್‌ನಲ್ಲಿ ಬಂದ ಹನ್ನೊಂದು ಹಳೆ ಫ್ರಿಜ್ ಬಿದ್ದಿವೆ. ಗುಜರಿಯವನಿಗೆ ಫೋನ್ ಮಾಡಬೇಕು ಅಂತಿದ್ದೆ.

ಇನ್ನೊಂದು ಒಪ್ಪಿಕೊಳ್ಳಬೇಕು. ಎಸಿ ಸ್ಟಾರ್ ರೇಟಿಂಗ್ ಬಿಗಿ ಮಾಡಿದ್ದು ನೆನಪಿದೆಯಾ? 5 ಸ್ಟಾರ್ ಇದ್ದದ್ದು 4 ಸ್ಟಾರ್ ಆಯಿತಲ್ಲ. ಅದು 2022ರ ಜನವರಿಗೇ ಬರಬೇಕಿತ್ತು. ಹಳೆ ಸ್ಟಾಕ್ ಖಾಲಿ ಆಗಲಿ, ಆರು ತಿಂಗಳು ಕೊಡಿ ಅಂತ ಕಂಪನಿಗಳು ಕೇಳಿದವು, ಜುಲೈಗೆ ಹೋಯಿತು. ಆ ಸುದ್ದಿ ಬಂದ ದಿನ ನಾನು ಅಂಗಡಿಯಲ್ಲಿ ಎಲ್ಲರಿಗೂ ಮಿರ್ಚಿ, ಒಗ್ಗರಣೆ ತರಿಸಿದ್ದೆ. ಗೋಡೌನ್‌ನಲ್ಲಿ ಹಳೆ ಸ್ಟಿಕ್ಕರ್‌ನ 23 ಪೀಸ್ ಇದ್ದವು. ಈಗ ಅನಿಸುತ್ತಿದೆ, ಅದೂ ಲಾಬಿಯೇ ಅಲ್ವಾ? ನಾನೂ ಅದರ ಮಿರ್ಚಿ ತಿಂದವನೇ.

ಮುಲಾಜಿಲ್ಲ:

ಇದೆಲ್ಲ ದೊಡ್ಡವರ ಆಟ ರೀ. ಶಾಸ್ತ್ರ ಹೇಳೋಕೆ, ಬದನೆಕಾಯಿ ತಿನ್ನೋಕೆ. ಎಲ್ಲ ಕಂಪನಿಗಳೂ ಕಳ್ಳರೇ. ನೀವು ಎಸಿ ಮಾರಿ, ಆರಾಮ ಇರಿ. ಬಳ್ಳಾರಿಯ ಬಿಸಿಲಿಗೆ ಯಾವ ಪಾಲಿಸಿ ಆಗಬೇಕು?

ಶಕ್ತಿನಗರದ_ಹುಡುಗ:

ಎಲ್ಲರೂ ಕಳ್ಳರು ಅಂದರೆ ಕಳ್ಳನಿಗೇ ಅನುಕೂಲ ಮುಲಾಜಿಲ್ಲದವರೇ. ಒಂದೇ ಕಂಪನಿ ಒಂದು ನಿಯಮಕ್ಕೆ ಸೈ ಅಂದು ಇನ್ನೊಂದಕ್ಕೆ ಅಡ್ಡಗಾಲು ಹಾಕುತ್ತದೆ, ಯಾವುದಕ್ಕೆ ಯಾವುದು ಅಂತ ನೋಡಿದರೆ ಗೊತ್ತಾಗುತ್ತದೆ. 2020ರ ಜನವರಿಯಿಂದ ಎಸಿ ಆನ್ ಮಾಡಿದ ಕೂಡಲೇ 24 ಡಿಗ್ರಿ ತೋರಿಸಬೇಕು ಅಂತ ನಿಯಮ ಬಂತು. ಅದಕ್ಕೆ ಕಾರ್ಖಾನೆಯಲ್ಲಿ ಸಾಫ್ಟ್‌ವೇರ್ ತಿದ್ದಿದರೆ ಸಾಕು, ಯಂತ್ರ ಬದಲಿಸಬೇಕಿಲ್ಲ. ಇ-ವೇಸ್ಟ್ ದರಕ್ಕೆ ಪ್ರತಿ ಕೆಜಿಗೂ ದುಡ್ಡು ಬಿಚ್ಚಬೇಕು. ಎಲ್ಲಿ ಕೋರ್ಟ್‌ಗೆ ಹೋದರು ನೋಡಿ.

ಚಾರ್ಜರ್ ಕಥೆಯೂ ಇದೇ. ಎಲ್ಲ ಫೋನಿಗೂ ಒಂದೇ ಚಾರ್ಜರ್ ಇರಲಿ, ಕಸ ಕಡಿಮೆ ಆಗುತ್ತೆ ಅಂತ ಯುರೋಪ್ 2022ರಲ್ಲಿ ಕಾನೂನು ಮಾಡಿತು. ಇದನ್ನು ವಿರೋಧಿಸಿದ್ದು ಆಪಲ್, ಅದೂ ಹಳೆ ಕೇಬಲ್‌ಗಳೆಲ್ಲ ಕಸ ಆಗುತ್ತವೆ ಅಂತ ಪರಿಸರದ್ದೇ ಕಾರಣ ಕೊಟ್ಟು. ಕೊನೆಗೆ 2023ರ ಐಫೋನ್ 15ಕ್ಕೆ ಯುಎಸ್‌ಬಿ-ಸಿ ಬಂತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಕುಷ್ಟಗಿ_ಅಕ್ಕ:

ಕೊಪ್ಪಳದಲ್ಲಿ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಮೂಲ ಪ್ರಶ್ನೆಯ ಎರಡನೇ ಭಾಗಕ್ಕೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡುತ್ತೇನೆ. ತಿಳಿಯೋ ದಾರಿ ಇದೆ. ಕಿರಿದು, ಆದರೆ ಇದೆ.

ಮೊದಲು ಕೆಟ್ಟ ಸುದ್ದಿ. ಅಮೆರಿಕದಲ್ಲಿ 1995ರ ಕಾನೂನಿನ ಪ್ರಕಾರ ಲಾಬಿ ಮಾಡುವವರು ಮೂರು ತಿಂಗಳಿಗೊಮ್ಮೆ ಲೆಕ್ಕ ಕೊಡಬೇಕು, ಎಷ್ಟು ಖರ್ಚು, ಯಾವ ಮಸೂದೆ ಬಗ್ಗೆ ಅಂತ. ಯುರೋಪ್‌ನಲ್ಲಿ ಒಂದು ಸಾರ್ವಜನಿಕ ರಿಜಿಸ್ಟರ್ ಇದೆ. ನಮ್ಮಲ್ಲಿ ಲಾಬಿ ಬಗ್ಗೆ ಅಂಥ ಕಾನೂನೇ ಇಲ್ಲ. ಯಾವ ಕಂಪನಿಯವರು ಯಾವ ಸಚಿವಾಲಯದಲ್ಲಿ ಚಹಾ ಕುಡಿದರು ಅಂತ ಯಾರೂ ಬರೆದಿಡಬೇಕಿಲ್ಲ.

ಇನ್ನು ಒಳ್ಳೆ ಸುದ್ದಿ. ಷೇರು ಮಾರುಕಟ್ಟೆಯ ಮೊದಲ 1,000 ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್ ಅನ್ನೋ ವರದಿ, ಅಂದರೆ ಪರಿಸರ, ಸಮಾಜದ ಕಡೆ ತಮ್ಮ ಹೊಣೆಗಾರಿಕೆಯ ಲೆಕ್ಕ, ಕೊಡಲೇಬೇಕು, ಷೇರು ಮಾರುಕಟ್ಟೆ ನೋಡಿಕೊಳ್ಳೋ ಸೆಬಿಯ ನಿಯಮ. ವಾರ್ಷಿಕ ವರದಿಯ ಜೊತೆಗೇ ಇರುತ್ತದೆ, ಪುಕ್ಕಟೆ ಸಿಗುತ್ತದೆ. ಅದರಲ್ಲಿ ಒಂಬತ್ತು ತತ್ವಗಳಿವೆ. ನೇರವಾಗಿ ಏಳನೆಯದಕ್ಕೆ ಹೋಗಿ. ಸರ್ಕಾರದ ನೀತಿಯ ಮೇಲೆ ಪ್ರಭಾವ ಬೀರುವಾಗ ಜವಾಬ್ದಾರಿಯಿಂದ, ಪಾರದರ್ಶಕವಾಗಿ ನಡೆದುಕೊಳ್ಳಬೇಕು ಅನ್ನೋದು ಅದರ ತಿರುಳು. ಅಲ್ಲಿ ಕಂಪನಿ ತಾನು ಸದಸ್ಯನಾಗಿರೋ ಹತ್ತು ಮುಖ್ಯ ಸಂಘಗಳ ಹೆಸರು ಬರೆಯಬೇಕು. ಸಿಐಐ, ಫಿಕ್ಕಿ, ಎಸಿ-ಫ್ರಿಜ್‌ನವರ ಸಿಯಾಮಾ ಇಂಥವು. ಶಕ್ತಿನಗರದ ತಮ್ಮ ಹೇಳಿದ ಮೂರನೇ ಬಾಯಿ ಯಾವುದು ಅಂತ ಅಲ್ಲಿ ಸಿಗುತ್ತದೆ.

ಅದರ ಕೆಳಗೆ ಇನ್ನೊಂದು ಟೇಬಲ್ ಇದೆ, ಯಾವ ನೀತಿಯ ಬಗ್ಗೆ ಏನು ವಾದ ಮಾಡಿದಿರಿ, ಹೇಗೆ ಮಾಡಿದಿರಿ, ಅದು ಸಾರ್ವಜನಿಕರಿಗೆ ಸಿಗುತ್ತಾ ಅಂತ. ಬಂಗಾರದಂಥ ಪ್ರಶ್ನೆ. ಆದರೆ ಆ ಟೇಬಲ್ ತುಂಬಲೇಬೇಕು ಅಂತ ಇಲ್ಲ, ಇಷ್ಟ ಇದ್ದರೆ ತುಂಬಬಹುದು. ನಾನು ನೋಡಿದ ಎಷ್ಟೋ ವರದಿಗಳಲ್ಲಿ ಅಲ್ಲಿ ಒಂದೇ ಸಾಲು ಇರುತ್ತದೆ, ಸಂಘಗಳ ಮೂಲಕ ಅಭಿಪ್ರಾಯ ತಿಳಿಸುತ್ತೇವೆ ಅನ್ನೋ ಅರ್ಥದ್ದು. ಮದುವೆ ಪತ್ರಿಕೆಯಲ್ಲಿ "ಸುಖಾಗಮನ ಬಯಸುವವರು" ಇದ್ದಂಗೆ, ಎಲ್ಲದರಲ್ಲೂ ಅದೇ.

ಇನ್ನೊಂದು ದಾರಿ ಕರಡು. ಇ-ವೇಸ್ಟ್ ನಿಯಮದ ಕರಡು ಬಂದದ್ದು 2022ರ ಮೇ ತಿಂಗಳಲ್ಲಿ, ನಿಯಮ ಆದದ್ದು ನವೆಂಬರ್‌ನಲ್ಲಿ, ಜಾರಿ 2023ರ ಏಪ್ರಿಲ್ 1ರಿಂದ. ಪರಿಸರದ ಇಂಥ ಕರಡಿಗೆ 60 ದಿನ ಆಕ್ಷೇಪಣೆ ಹೇಳಲು ಸಮಯ ಇರುತ್ತದೆ. ಕರಡನ್ನೂ ಕೊನೆಯ ನಿಯಮವನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಎಲ್ಲಿ ಸಡಿಲ ಆಗಿದೆ ಅಂತ ಕಣ್ಣಿಗೆ ಬೀಳುತ್ತದೆ. ಆ 60 ದಿನದಲ್ಲಿ ನಾವೂ ಬರೆಯಬಹುದು. ಔಟ್‌ಡೋರ್ ಯೂನಿಟ್ ಅಣ್ಣಾ, ಗ್ಯಾಸ್ ಎಳೆಯೋ ಮಷಿನ್ ಬಗ್ಗೆ ಮೇಲೆ ಬರೆದದ್ದನ್ನೇ ಹಾಳೆಗಿಳಿಸಿ ಕಳಿಸಿದರೆ ಅದೂ ಒಂದು ಆಕ್ಷೇಪಣೆ. ಕಂಪನಿಗೆ ವಕೀಲರಿದ್ದಾರೆ, ನಿಮಗೆ ಹದಿನೆಂಟು ವರ್ಷದ ಕೈ ಇದೆ.

ಔಟ್‌ಡೋರ್_ಯೂನಿಟ್:

ಅಕ್ಕಾ, ಬರೆಯೋಕೆ ನನಗೆ ಬರಲ್ಲ, ನೀವು ಬರೆದುಕೊಟ್ಟರೆ ಸಹಿ ಹಾಕುತ್ತೇನೆ. ಇನ್ನೊಂದು ಮಾತು ಸೇರಿಸಿ. ಆರ್-290 ಅಂದರೆ ಪ್ರೊಪೇನ್, ಅದು ಒಂದು ಕೆಜಿ ಗಾಳಿಗೆ ಹೋದರೂ 3 ಕೆಜಿ ಕಾರ್ಬನ್ ಡೈಆಕ್ಸೈಡ್ ಲೆಕ್ಕ ದಾಟಲ್ಲ. ಗೋದ್ರೆಜ್‌ನವರು 2012ರಿಂದ ಆ ಗ್ಯಾಸಿನ ಎಸಿ ಮಾರಿದ್ದಾರೆ. ಬೆಂಕಿ ಹತ್ತೋ ಗ್ಯಾಸ್ ಅಂತ ಎಷ್ಟು ತುಂಬಬಹುದು ಅನ್ನೋದಕ್ಕೆ ಮಿತಿ ಇದೆ. ಅಂತರರಾಷ್ಟ್ರೀಯ ಮಾನದಂಡದಲ್ಲಿ ಆ ಮಿತಿ 2022ರಲ್ಲಿ ಏರಿಸಿದರು. ಮಿತಿ ಎಷ್ಟು ಗ್ರಾಂ ಅನ್ನೋದು ಕಮಿಟಿಯಲ್ಲಿ ತೀರ್ಮಾನ ಆಗುತ್ತೆ, ಕಮಿಟಿಯಲ್ಲಿ ಕಂಪನಿಯವರೇ ಜಾಸ್ತಿ ಕೂತಿರುತ್ತಾರೆ ಅಂತ ಟ್ರೈನಿಂಗ್‌ನಲ್ಲಿ ಒಬ್ಬ ಸರ್ ಹೇಳಿದ್ದರು. ಪೇಪರ್‌ನವರು ಅಲ್ಲಿಗೆ ಹೋಗಲ್ಲ. ಇನ್ನು ಎಚ್‌ಎಫ್‌ಸಿ ಗ್ಯಾಸ್ (ಆರ್-410, ಆರ್-32 ಥರದವು) ಇಳಿಸೋಕೆ ನಮ್ಮ ದೇಶ 2021ರಲ್ಲಿ ಕಿಗಾಲಿ ಒಪ್ಪಂದ ಒಪ್ಪಿದೆ, ಇಳಿಸೋದು ಶುರು 2032ರಿಂದ. ಅಲ್ಲಿವರೆಗೆ ಎಷ್ಟು ಪೈಪ್ ಕಟ್ ಆಗುತ್ತವೋ.

ಬಳ್ಳಾರಿ_ಬಿಸಿಲು:

ಎಲ್ಲರಿಗೂ ಥ್ಯಾಂಕ್ಸ್. ಅಕ್ಕ ಹೇಳಿದಂಗೆ ನಿನ್ನೆ ಅಂಗಡಿ ಮುಚ್ಚಿದ ಮೇಲೆ ಕೂತು ಹುಡುಕಿದೆ. ಮೊದಲ ಪೆಟ್ಟಿಗೇ ಎಡವಿದೆ. ನನಗೆ ಊಟ ಹಾಕಿಸಿದ ಕಂಪನಿ ಇಲ್ಲಿನ ಷೇರು ಮಾರುಕಟ್ಟೆಯಲ್ಲೇ ಇಲ್ಲ, ಹಾಗಾಗಿ ಆ ವರದಿಯೂ ಇಲ್ಲ. ವೋಲ್ಟಾಸ್, ಹ್ಯಾವೆಲ್ಸ್ ಎರಡೂ ಇವೆ, ಎಲ್‌ಜಿ ಇಂಡಿಯಾ 2025ರ ಅಕ್ಟೋಬರ್‌ನಲ್ಲಿ ಬಂದಿದೆ. ವಿದೇಶಿ ಕಂಪನಿಯ ಇಲ್ಲಿನ ಶಾಖೆ ಷೇರು ಮಾರದೇ ಇದ್ದರೆ ಲಾಬಿ ಬಗ್ಗೆ ನಮಗೆ ಏನೂ ಹೇಳಬೇಕಿಲ್ಲ, ಅದೇ ಕಂಪನಿ ಅಮೆರಿಕದಲ್ಲಿ ಲಾಬಿ ಮಾಡಿದರೆ ಅಲ್ಲಿ ಮಾತ್ರ ಮೂರು ತಿಂಗಳಿಗೊಮ್ಮೆ ಲೆಕ್ಕ ಕೊಡಬೇಕು. ಇದು ನನಗೆ ಸರಿ ಕಾಣಲಿಲ್ಲ.

ಮುಂದಿನ ಡೀಲರ್ ಮೀಟ್‌ನಲ್ಲಿ ಕೇಳಬೇಕು ಅಂತ ಒಂದು ಪ್ರಶ್ನೆ ಬರೆದಿಟ್ಟುಕೊಂಡಿದ್ದೇನೆ. "ಸರ್, ನೀವು ಯಾವ ಯಾವ ಸಂಘದಲ್ಲಿ ಇದ್ದೀರಿ, ಆ ಸಂಘ ಇ-ವೇಸ್ಟ್ ಬಗ್ಗೆ ಸರ್ಕಾರಕ್ಕೆ ಏನು ಬರೆದಿದೆ, ಆ ಕಾಗದ ಒಮ್ಮೆ ತೋರಿಸುತ್ತೀರಾ?" ಊಟಕ್ಕೆ ಮುಂಚೆ ಕೇಳಬೇಕೋ ಊಟ ಆದ ಮೇಲೋ ಇನ್ನೂ ತೀರ್ಮಾನ ಆಗಿಲ್ಲ.

ಹನ್ನೊಂದು ಫ್ರಿಜ್ ಹಾಗೇ ಇವೆ. ಗುಜರಿಯವನು ಎರಡು ಸಲ ಫೋನ್ ಮಾಡಿದ, ಎತ್ತಲಿಲ್ಲ. ಔಟ್‌ಡೋರ್ ಅಣ್ಣಾ, ಆ ಮಷಿನ್ ಬಾಡಿಗೆಗೆ ಎಲ್ಲಾದರೂ ಸಿಗುತ್ತಾ? ಕೂಲರ್ ಪಂಪ್ ಶಬ್ದ ಮಾಡುತ್ತದಂತೆ, ನಾಳೆ ಮೇಷ್ಟ್ರು ಬರುತ್ತಿದ್ದಾರೆ. ಈ ಚರ್ಚೆ ಪ್ರಿಂಟ್ ತೆಗೆದು ಗಲ್ಲಾದ ಪಕ್ಕ ಇಟ್ಟಿದ್ದೇನೆ.